ರಾಸಾಯನಿಕ ರಚನಾಚಿತ್ರಗಳ ಯಂತ್ರವಾಚನ

ಪುಸ್ತಕ, ಸಂಶೋಧನಾ ಪತ್ರಿಕೆ ಮತ್ತು ಪೇಟೆಂಟ್ ದಾಖಲೆಗಳಲ್ಲಿ ಚಿತ್ರವಾಗಿ ಅಚ್ಚಾಗಿರುವ ಅಣುರಚನೆಯನ್ನು ಕಂಪ್ಯೂಟರ್ ತಾನೇ ಓದಿ, ಯಾವ ಪರಮಾಣು ಯಾವುದಕ್ಕೆ ಎಂಥ ಬಂಧದಿಂದ ಸೇರಿದೆ ಎಂಬ ಪಟ್ಟಿಯಾಗಿ ಬದಲಾಯಿಸುವ ತಂತ್ರವಿದ್ಯೆ. ರಸಾಯನಶಾಸ್ತ್ರದ ತಿಳಿವಳಿಕೆಯ ದೊಡ್ಡ ಪಾಲು ಒಂದೂವರೆ ಶತಮಾನದಿಂದ ಷಟ್ಕೋನ, ಗೆರೆ, ಬೆಣೆಗಳ ಚಿತ್ರಗಳಲ್ಲೇ ಶೇಖರವಾಗಿದೆ. ರಸಾಯನಜ್ಞನಿಗೆ ಹೆಸರಿಗಿಂತ ಚಿತ್ರವೇ ಸಲೀಸು: ಒಂದು ನೋಟಕ್ಕೆ ಉಂಗುರಗಳೆಷ್ಟು, ತುದಿಯಲ್ಲೇನಿದೆ ಎಂಬುದು ತಿಳಿಯುತ್ತದೆ. ಹುಡುಕಲು ಕೂತ ಯಂತ್ರಕ್ಕೆ ಅದೇ ಚಿತ್ರ ಬರಿಯ ಕಪ್ಪುಬಿಳಿ ಚುಕ್ಕೆಗಳ ಹಾಸು. ಆ ಚುಕ್ಕೆಗಳೊಳಗಿಂದ ಅಣುವನ್ನು ಎತ್ತಿ ಕೊಡದ ಹೊರತು ಅದು ಯಾವ ಕೋಶಕ್ಕೂ ಸೇರುವುದಿಲ್ಲ, ಯಾವ ಹುಡುಕಾಟಕ್ಕೂ ಸಿಗುವುದಿಲ್ಲ.

ಔಷಧ ಕಂಪನಿಗಳ ಉದಾಹರಣೆ ಕೊಟ್ಟು ಈ ವಿದ್ಯೆಯನ್ನು ವಿವರಿಸುವುದು ರೂಢಿ. ಇಲ್ಲಿ ಉದಾಹರಣೆಗಳನ್ನು ಹೆಚ್ಚಾಗಿ ತಮಿಳುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಬಟ್ಟೆಬಣ್ಣಗಳಿಂದ ಆರಿಸಿದೆ. ಒಂದು ಬಂಧ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿ ಸರಕು ಬಂದರು ದಾಟುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯೂ ಹೌದು.

ನೊಯ್ಯಲ್ ದಡದ ಬಣ್ಣಗಳು

ನೊಯ್ಯಲ್ ಹೊಳೆ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕರೂರು ಜಿಲ್ಲೆಯಲ್ಲಿ ಕಾವೇರಿಗೆ ಸೇರುತ್ತದೆ. ಈ ಸೀಮೆಯ ನೇಕಾರರಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಚೌಡೇಶ್ವರಿ ಗುಡಿಗಳು ಊರೂರಿನಲ್ಲಿವೆ. ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ 2009ರಲ್ಲಿ ತಿರುಪ್ಪೂರನ್ನು ಬೇರೆ ಜಿಲ್ಲೆ ಮಾಡಲಾಯಿತು. ದೇಶದಿಂದ ಹೊರಹೋಗುವ ಹತ್ತಿಯ ಹೆಣೆದ ಉಡುಪುಗಳಲ್ಲಿ ಅರ್ಧಕ್ಕೂ ಹೆಚ್ಚು ಇಲ್ಲಿನ ಬನಿಯನ್ ಕಂಪನಿಗಳಿಂದ ಹೋಗುತ್ತವೆ. ಹೆಣೆದ ಬಟ್ಟೆಗೆ ಬಣ್ಣ ಬೇಕು. ಹತ್ತಿಗೆ ಇಂದು ಹೆಚ್ಚಾಗಿ ಬಳಸುವುದು ರಿಯಾಕ್ಟಿವ್ ಬಣ್ಣಗಳನ್ನು, ಅಂದರೆ ನಾರಿನೊಡನೆ ನೇರ ರಾಸಾಯನಿಕ ಬಂಧ ಬೆಳೆಸುವವನ್ನು. ಹಾಕಿದ ಬಣ್ಣವೆಲ್ಲ ನಾರಿಗೆ ಹಿಡಿಯುವುದಿಲ್ಲ; ಉಳಿದದ್ದು ಉಪ್ಪಿನೊಡನೆ ನೀರಿಗೆ ಹೋಗುತ್ತದೆ. ಆ ನೀರು ವರ್ಷಗಟ್ಟಲೆ ನೊಯ್ಯಲ್‌ಗೂ ಕೆಳಗಿನ ಒರತ್ತುಪಾಳೆಯಂ ಅಣೆಕಟ್ಟೆಗೂ ಹರಿಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಆಮೇಲೆ ತೆರೆದವು ಹೊರಗೆ ಹನಿ ನೀರನ್ನೂ ಬಿಡದ ಸಾಮೂಹಿಕ ಶುದ್ಧೀಕರಣ ಸ್ಥಾವರಗಳಿಗೆ ಕಟ್ಟುಬಿದ್ದೇ ತೆರೆಯಬೇಕಾಯಿತು.

ಇದು ನೀರಿನ ಕಥೆ. ರಚನೆಯ ಕಥೆ ಅದಕ್ಕಿಂತ ಹಿಂದೆಯೇ ಶುರುವಾಗಿತ್ತು. ಬಟ್ಟೆಬಣ್ಣಗಳಲ್ಲಿ ಅತಿ ದೊಡ್ಡ ಕುಲ ಅಝೋ ಬಣ್ಣಗಳದು. ಎರಡು ಸಾರಜನಕ ಪರಮಾಣುಗಳು ದ್ವಿಬಂಧದಿಂದ ಕೂಡಿ ಎರಡು ಬದಿಯ ಉಂಗುರಗಳನ್ನು ಜೋಡಿಸುವುದು ಇವುಗಳ ಗುರುತು. ಆ ಜೋಡಣೆ ಮುರಿದರೆ ಬದಿಯ ಉಂಗುರಗಳು ಅಮೈನ್‌ಗಳಾಗಿ ಬಿಡುಗಡೆಯಾಗುತ್ತವೆ. ಕೆಲವು ಅಮೈನ್‌ಗಳು ಕ್ಯಾನ್ಸರ್‌ಕಾರಕ. ಜರ್ಮನಿ 1994ರಲ್ಲಿ ಅಂಥ ಅಮೈನ್ ಬಿಡುವ ಬಣ್ಣಗಳನ್ನು ಮೈಗೆ ತಾಗುವ ಬಟ್ಟೆಯಲ್ಲಿ ನಿಷೇಧಿಸಿದಾಗ ತಿರುಪ್ಪೂರಿನ ರಫ್ತುದಾರರಿಗೆ ಬಿಸಿ ತಟ್ಟಿತು. ಭಾರತವೂ 1990ರ ದಶಕದಲ್ಲಿ 112 ಬಣ್ಣಗಳ ಬಳಕೆಯನ್ನು ನಿಲ್ಲಿಸಿತು. ಅವುಗಳಲ್ಲಿ 42 ಬೆಂಜಿಡೀನ್ ಮೂಲದವು, 70 ಇತರ ಅಝೋ ಬಣ್ಣಗಳು. ಯುರೋಪಿಯನ್ ಒಕ್ಕೂಟ 2002ರ ನಿರ್ದೇಶನದಲ್ಲಿ 22 ಅಮೈನ್‌ಗಳನ್ನು ಹೆಸರಿಸಿ, ಬಟ್ಟೆಯ ಪ್ರತಿ ಕಿಲೋಗೆ 30 ಮಿಲಿಗ್ರಾಂ ಮೀರಬಾರದೆಂದು ಗೆರೆ ಎಳೆಯಿತು.

ಎರಡೂ ಪಟ್ಟಿಗಳು ನಿಂತಿರುವುದು ರಚನೆಯ ಮೇಲೆ. ಟಾಲ್ಯುಡೀನ್ ಎಂಬ ಅಮೈನ್‌ನಲ್ಲಿ ಮೀಥೈಲ್ ಗುಂಪು ಅಮೈನ್‌ನ ಪಕ್ಕದ ಮೂಲೆಯಲ್ಲಿದ್ದರೆ, ಅಂದರೆ ಆರ್ಥೋ ಸ್ಥಾನದಲ್ಲಿದ್ದರೆ, ಅದು 22ರ ಪಟ್ಟಿಯಲ್ಲಿದೆ. ಎದುರು ಮೂಲೆಯಲ್ಲಿದ್ದರೆ, ಅಂದರೆ ಪ್ಯಾರಾ ಸ್ಥಾನದಲ್ಲಿದ್ದರೆ, ಇಲ್ಲ. ನ್ಯಾಫ್ತೈಲಮೈನ್‌ನಲ್ಲಿ ಅಮೈನ್ ಎರಡನೇ ಸ್ಥಾನದಲ್ಲಿದ್ದರೆ ನಿಷಿದ್ಧ, ಒಂದನೆಯದರಲ್ಲಿದ್ದರೆ ಆ ಪಟ್ಟಿಗೆ ಹೊರಗು. ಚಿತ್ರದಲ್ಲಿ ಈ ವ್ಯತ್ಯಾಸ ಒಂದು ಪುಟ್ಟ ಗೆರೆ ಷಟ್ಕೋನದ ಯಾವ ಮೂಲೆಗೆ ತಾಗಿದೆ ಎಂಬಷ್ಟೇ. ಹತ್ತಿಗೆ ನೇರವಾಗಿ ಹಿಡಿಯುವ ಮೊದಲ ಕೃತಕ ಬಣ್ಣವಾದ ಕಾಂಗೋ ರೆಡ್‌ನ ನಡುವೆ ಎರಡು ಬೆಂಜೀನ್ ಉಂಗುರಗಳು ಒಂದೇ ಒಂದು ಬಂಧದಿಂದ ಕೂಡಿಕೊಂಡಿವೆ. ಬೆಂಜಿಡೀನ್ ಅಡಗಿರುವುದು ಅಲ್ಲೇ. ಮಸುಕಾದ ಸ್ಕ್ಯಾನ್‌ನಲ್ಲಿ ಆ ಗೆರೆ ಅಳಿಸಿಹೋಗಿದ್ದು, ಓದುವ ಯಂತ್ರ ಅಣುವನ್ನು ಎರಡು ಹೋಳಾಗಿ ಬರೆದುಕೊಂಡರೆ, ಬೆಂಜಿಡೀನ್ ಹುಡುಕುವವನಿಗೆ ಕಾಂಗೋ ರೆಡ್ ಸಿಗುವುದೇ ಇಲ್ಲ.

ಮೊದಲ ಹೆಜ್ಜೆಗಳು

ಕಂಪ್ಯೂಟರ್‌ನಲ್ಲಿ ಅಣುರಚನೆ ಹುಡುಕುವ ಕೆಲಸವೂ ಕಂಪ್ಯೂಟರ್‌ಗೆ ಚಿತ್ರ ತೋರಿಸುವ ಕೆಲಸವೂ ಒಂದೇ ವರ್ಷ, ಒಬ್ಬನೇ ವ್ಯಕ್ತಿಯ ಕೈಯಲ್ಲಿ ಆರಂಭವಾದದ್ದು ಸೋಜಿಗ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕಿರ್ಶ್ 1957ರಲ್ಲಿ ತನ್ನ ಹಸುಗೂಸಿನ ಭಾವಚಿತ್ರವನ್ನು 176 ಸಾಲು, 176 ಕಂಬಗಳ ಚುಕ್ಕೆಗಳಾಗಿ ಕಂಪ್ಯೂಟರ್‌ಗೆ ಇಳಿಸಿದ. ಸ್ಕ್ಯಾನರಿನ ಚರಿತ್ರೆ ಶುರುವಾಗುವುದು ಅಲ್ಲಿಂದ. ಅದೇ ವರ್ಷ ಲೂಯಿಸ್ ರೇ ಜೊತೆಗೂಡಿ, ಒಂದು ಅಣುವಿನ ತುಂಡು ಬೇರೆ ಅಣುಗಳೊಳಗೆ ಇದೆಯೇ ಎಂದು ಕಂಪ್ಯೂಟರ್‌ನಿಂದ ಹುಡುಕಿಸುವ ವಿಧಾನವನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಆದರೆ ಈ ಎರಡು ಎಳೆಗಳು ಕೂಡಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ನಡುವಿನ ಕಾಲದಲ್ಲಿ ಚಿತ್ರವನ್ನು ಓದಿ ಕೋಶಕ್ಕೆ ಸೇರಿಸಿದವರು ಮನುಷ್ಯರು. ಅಮೆರಿಕದ ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್ ಸಂಸ್ಥೆ 1965ರಲ್ಲಿ ತೆರೆದ ನೋಂದಣಿಕೋಶಕ್ಕೂ, ಆಮೇಲೆ ಹೈದರಾಬಾದ್, ಬೆಂಗಳೂರುಗಳಲ್ಲಿ ಬೆಳೆದ ದತ್ತಾಂಶ ಕಂಪನಿಗಳ ಕೋಶಗಳಿಗೂ ತರಬೇತಿ ಪಡೆದ ರಸಾಯನ ಪದವೀಧರರು ಪತ್ರಿಕೆ ಎದುರಿಗಿಟ್ಟುಕೊಂಡು ಒಂದೊಂದೇ ಅಣುವನ್ನು ಮರುಚಿತ್ರಿಸಿ ತುಂಬಿದರು. ಇವತ್ತಿಗೂ ಹೆಚ್ಚು ನಂಬಿಕೆಯ ಕೋಶಗಳು ಈ ಕೈಕೆಲಸದವೇ.

ಅಣುವನ್ನು ಬರೆದಿಡುವ ಲಿಪಿಗಳು ಈ ಅವಧಿಯಲ್ಲಿ ಬೆಳೆದವು. 1970ರ ದಶಕದ ಕೊನೆಗೆ ಬಂದ ‘ಮಾಲ್’ ಕಡತ ಪರಮಾಣುಗಳ ಪಟ್ಟಿ ಒಂದು, ಬಂಧಗಳ ಪಟ್ಟಿ ಇನ್ನೊಂದು ಎಂದು ಇಡುತ್ತದೆ. ಡೇವಿಡ್ ವೈನಿಂಗರ್ 1988ರಲ್ಲಿ ಪ್ರಕಟಿಸಿದ ‘ಸ್ಮೈಲ್ಸ್’ ಇಡೀ ಅಣುವನ್ನು ಒಂದು ಸಾಲಿನ ಅಕ್ಷರಗಳಾಗಿ ಬರೆಯುತ್ತದೆ: ಎಥನಾಲ್ ಅದರಲ್ಲಿ ಸಿ, ಸಿ, ಓ ಎಂಬ ಮೂರಕ್ಷರ. ಅಂತರರಾಷ್ಟ್ರೀಯ ರಸಾಯನ ಒಕ್ಕೂಟದ ‘ಇಂಚಿ’ 2005ರಲ್ಲಿ ಬಂತು. ಒಂದು ಅಣುವಿಗೆ ಯಾರು ಬರೆದರೂ ಒಂದೇ ಸಾಲು ಬರಬೇಕೆಂಬುದು ಅದರ ಗುರಿ. ಓದುವ ಯಂತ್ರ ಕೊನೆಗೆ ಕೊಡಬೇಕಾದದ್ದು ಇವುಗಳಲ್ಲೊಂದನ್ನು.

ಮೊದಲ ಪೂರ್ಣ ವಾಚಕಗಳು ಬಂದದ್ದು 1990ರ ದಶಕದ ಆರಂಭದಲ್ಲಿ. ಬೆಂಜೀನಿನ ಉಂಗುರವನ್ನು 1865ರಲ್ಲಿ ಮಂಡಿಸಿದ ರಸಾಯನಜ್ಞನ ಹೆಸರು ಹೊತ್ತ ‘ಕೆಕುಲೆ’ 1992ರಲ್ಲಿ ಬಂತು. ಮರುವರ್ಷ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ‘ಕ್ಲೈಡ್’ ಮತ್ತು ಐಬಿಎಂ ಕಂಪನಿಯ ಇನ್ನೊಂದು ವ್ಯವಸ್ಥೆ ಪ್ರಕಟವಾದವು. ಬೆಲೆ ಕೊಡದೆ ಬಳಸಬಹುದಾದ, ಒಳಗನ್ನೂ ತೆರೆದು ನೋಡಬಹುದಾದ ವಾಚಕಕ್ಕೆ ಜನ ಬಹಳ ಕಾಯಬೇಕಾಯಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಗೋರ್ ಫಿಲಿಪ್ಪೋವ್ ಮತ್ತು ಮಾರ್ಕ್ ನಿಕ್‌ಲಾಸ್ ಕಟ್ಟಿದ ‘ಓಸ್ರಾ’ವನ್ನು ವಿವರಿಸುವ ಲೇಖನ ಬಂದದ್ದು 2009ರಲ್ಲಿ.

ಗೆರೆಗಳನ್ನು ಬಿಡಿಸುವ ಬಗೆ

ಈ ಹಳೆಯ ಪೀಳಿಗೆಯ ವಾಚಕಗಳೆಲ್ಲ ನಿಯಮಗಳ ಮೇಲೆ ನಡೆಯುತ್ತವೆ. ಪುಟದಲ್ಲಿ ಚಿತ್ರ ಯಾವುದು, ಬರಹ ಯಾವುದು ಎಂದು ಮೊದಲು ಬೇರ್ಪಡಿಸಬೇಕು. ಆಮೇಲೆ ಬೂದು ಛಾಯೆಗಳನ್ನು ಅಪ್ಪಟ ಕಪ್ಪುಬಿಳಿ ಮಾಡಿ, ದಪ್ಪ ಗೆರೆಗಳನ್ನು ಒಂದು ಚುಕ್ಕೆ ಅಗಲಕ್ಕೆ ತೆಳುವಾಗಿಸಿ, ತುದಿಯಿಂದ ತುದಿಗೆ ಹೋಗುವ ರೇಖಾಖಂಡಗಳಾಗಿ ಗುರುತಿಸಬೇಕು. ಪಕ್ಕಪಕ್ಕದಲ್ಲಿ ಸಮಾನಾಂತರ ಓಡುವ ಎರಡು ಖಂಡಗಳು ದ್ವಿಬಂಧ. ಒಂದು ಕಡೆ ಮೊನಚು, ಇನ್ನೊಂದು ಕಡೆ ಅಗಲವಾದದ್ದು ಬೆಣೆ. ಕಾಗದದಿಂದ ನಮ್ಮ ಕಡೆಗೆ ಚಾಚಿದ ಬಂಧ. ಅಡ್ಡಗೀಟುಗಳ ಸಾಲು ಹಿಂದಕ್ಕೆ ಹೋಗುವ ಬಂಧ. ಗೆರೆಗಳು ಕೂಡುವ ಕಡೆ ಅಕ್ಷರವಿಲ್ಲದಿದ್ದರೆ ಅಲ್ಲೊಂದು ಇಂಗಾಲ ಇದೆಯೆಂದು ತಿಳಿಯಬೇಕು; ಬರೆಯದೆ ಬಿಟ್ಟ ಜಲಜನಕಗಳನ್ನು ಎಣಿಸಿ ತುಂಬಬೇಕು. ಅಕ್ಷರಗಳನ್ನು ಅಕ್ಷರವಾಚಕಕ್ಕೆ ಒಪ್ಪಿಸಬೇಕು. ಎಲ್ಲ ಮುಗಿದ ಮೇಲೆ ಯಾವ ಇಂಗಾಲಕ್ಕೂ ನಾಲ್ಕಕ್ಕಿಂತ ಹೆಚ್ಚು ಬಂಧ ಬಂದಿಲ್ಲವಷ್ಟೇ ಎಂದು ಲೆಕ್ಕ ನೋಡಬೇಕು.

ಕನ್ನಡ ಓದುಗರಿಗೆ ಇದರ ತೊಡಕು ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಎಂಬ ಕನ್ನಡ ಅಕ್ಷರವಾಚಕ ಕಟ್ಟಿದಾಗ ಎದುರಾದ ಸವಾಲುಗಳಲ್ಲಿ ಒತ್ತಕ್ಷರಗಳದು ಮುಖ್ಯ: ಸಾಲಿನ ಕೆಳಗೆ ಕೂತ ಗುರುತು ಮೇಲಿನ ಯಾವ ಅಕ್ಷರಕ್ಕೆ ಸೇರಿದ್ದು ಎಂದು ಯಂತ್ರ ತೀರ್ಮಾನಿಸಬೇಕು. ಆದರೆ ಕನ್ನಡದ ಸಾಲು ಎಷ್ಟಾದರೂ ಎಡದಿಂದ ಬಲಕ್ಕೇ ಸಾಗುತ್ತದೆ. ಅಣುವಿಗೆ ಆರಂಭವೂ ಇಲ್ಲ, ಸಾಲೂ ಇಲ್ಲ. ಎತ್ತ ತಿರುಗಿಸಿ ಬರೆದರೂ ಅದೇ ಅಣು.

ತಿರುಪ್ಪೂರಿನಲ್ಲಿ ದಿನಬಳಕೆಯ ಕಪ್ಪು ಬಣ್ಣಗಳ ಮೂಲದಲ್ಲಿರುವ ರಿಯಾಕ್ಟಿವ್ ಬ್ಲ್ಯಾಕ್ 5 ಎಂಬ ಬಣ್ಣದ ಚಿತ್ರವನ್ನು ಹತ್ತಿರದಿಂದ ನೋಡಬಹುದು. ನಟ್ಟನಡುವೆ ಅಂಟಿಕೊಂಡ ಎರಡು ಷಟ್ಕೋನಗಳ ನ್ಯಾಫ್ತಲೀನ್. ಅದರ ನೆತ್ತಿಯಲ್ಲಿ ಒಂದು ಹೈಡ್ರಾಕ್ಸಿ ಗುಂಪು, ಒಂದು ಅಮೈನೋ ಗುಂಪು. ಕೆಳಗೆ ಎರಡು ಸೋಡಿಯಂ ಸಲ್ಫೊನೇಟ್ ಗುಂಪುಗಳು. ಎಡಕ್ಕೂ ಬಲಕ್ಕೂ ಒಂದೊಂದು ಅಝೋ ಜೋಡಿ, ಅವುಗಳಾಚೆ ಒಂದೊಂದು ಬೆಂಜೀನ್ ಉಂಗುರ, ಆ ಉಂಗುರದ ತುದಿಗೆ ಹತ್ತಿಗೆ ಕಚ್ಚಿಕೊಳ್ಳುವ ಸರಪಳಿ. ಒಟ್ಟು 26 ಇಂಗಾಲ, 21 ಜಲಜನಕ, 5 ಸಾರಜನಕ, 19 ಆಮ್ಲಜನಕ, 6 ಗಂಧಕ, 4 ಸೋಡಿಯಂ. ಚಿತ್ರಕಾರ ತುದಿಯ ಸರಪಳಿಯನ್ನು ಗೆರೆಗಳಲ್ಲಿ ಬಿಡಿಸುವುದಿಲ್ಲ, ಅಕ್ಷರಗಳಲ್ಲಿ ಬರೆದುಬಿಡುತ್ತಾನೆ. ಬಲಬದಿಯಲ್ಲಿ ಅದು ಉಂಗುರಕ್ಕೆ ತಾಗಿದ ಗಂಧಕದಿಂದ ಶುರುವಾಗಿ ಸೋಡಿಯಂಗೆ ಮುಗಿಯುತ್ತದೆ. ಎಡಬದಿಯಲ್ಲಿ ಅದೇ ಸರಪಳಿ ಸೋಡಿಯಂನಿಂದ ಶುರುವಾಗಿ ಗಂಧಕಕ್ಕೆ ಮುಗಿಯುತ್ತದೆ, ಏಕೆಂದರೆ ಅಲ್ಲಿ ಉಂಗುರ ಇರುವುದು ಬಲಕ್ಕೆ. ಮನುಷ್ಯ ಇದನ್ನು ಗಮನಿಸುವುದೂ ಇಲ್ಲ. ಯಂತ್ರ ಎಡಬದಿಯ ಬರಹವನ್ನು ಎಡದಿಂದಲೇ ಓದಿ ಮೊದಲ ಅಕ್ಷರಕ್ಕೆ ಬಂಧ ಹಾಕಿದರೆ, ಉಂಗುರಕ್ಕೆ ಸೋಡಿಯಂ ನೇತಾಡುತ್ತದೆ. ಒಂದೇ ಅಣುವಿನ ಎರಡು ತೋಳುಗಳು ಎರಡು ಬೇರೆ ವಸ್ತುಗಳಾಗುತ್ತವೆ. ಅಕ್ಷರಗಳ ಕೆಳಗಿನ ಪುಟ್ಟ ಅಂಕಿಗಳ ಪಾಡು ಬೇರೆ: ಮೂರು ಎಂಟಾಗುತ್ತದೆ, ಎರಡು ಮಾಯವಾಗುತ್ತದೆ, ಆಮ್ಲಜನಕದ ಓ ಸೊನ್ನೆಯಾಗುತ್ತದೆ.

ಬಣ್ಣದ ರಸಾಯನಶಾಸ್ತ್ರದಲ್ಲಿ ಇನ್ನೊಂದು ಗುಂಡಿಯಿದೆ. ಹಳೆಯ ಪೇಟೆಂಟ್ ಮತ್ತು ಪುಸ್ತಕಗಳಲ್ಲಿ ಬೆಂಜೀನನ್ನು ಬರಿಯ ಷಟ್ಕೋನವಾಗಿ, ಒಳಗೆ ಯಾವ ದ್ವಿಬಂಧವನ್ನೂ ತೋರಿಸದೆ ಬರೆಯುವುದು ರೂಢಿಯಾಗಿತ್ತು. ಓದುವವರೆಲ್ಲರಿಗೂ ಅದು ಬೆಂಜೀನೆಂದು ಗೊತ್ತಿತ್ತು. ಇಂದಿನ ರೂಢಿಯಲ್ಲಿ ಬರಿಯ ಷಟ್ಕೋನ ಸೈಕ್ಲೋಹೆಕ್ಸೇನ್: ಬಣ್ಣವೇ ಇರದ, ಬಣ್ಣವಾಗಲು ಬಾರದ ಉಂಗುರ. ಇಂದಿನ ಚಿತ್ರಗಳಲ್ಲಿ ಕಲಿತ ಯಂತ್ರಕ್ಕೆ ಹಳೆಯ ಪುಟ ಕೊಟ್ಟರೆ ಬಣ್ಣಗಳ ಇಡೀ ಅಧ್ಯಾಯವೇ ಮೇಣದಂಥ ವಸ್ತುಗಳ ಪಟ್ಟಿಯಾದೀತು. ಮದ್ರಾಸಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿಸಿ, ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಮೊದಲ ಭಾರತೀಯ ನಿರ್ದೇಶಕರಾದ ಕೆ. ವೆಂಕಟರಾಮನ್ ಕೃತಕ ಬಣ್ಣಗಳ ರಸಾಯನಶಾಸ್ತ್ರದ ಬಗ್ಗೆ 1952ರಿಂದ ಹೊರತಂದ ಸಂಪುಟಗಳು 1978ರ ಹೊತ್ತಿಗೆ ಎಂಟಾದವು. ಜಗತ್ತಿನ ಬಣ್ಣದ ಪ್ರಯೋಗಾಲಯಗಳಲ್ಲೆಲ್ಲ ಅವು ಕೈಪಿಡಿ. ಅಂಥ ಪುಸ್ತಕಗಳನ್ನು ಯಂತ್ರ ಓದಬೇಕಾದರೆ ಅದಕ್ಕೆ ಕಾಲದ ಪರಿವೆಯೂ ಬೇಕು: ಈ ಪುಟ ಯಾವ ದಶಕದ್ದು, ಆಗಿನ ರೂಢಿ ಏನು ಎಂಬುದು.

ಉದಾಹರಣೆಗಳಿಂದ ಕಲಿಯುವ ಯಂತ್ರ

ನಿಯಮ ಬರೆಯುವುದನ್ನು ಬಿಟ್ಟು, ಚಿತ್ರ ಮತ್ತು ಉತ್ತರಗಳ ಜೋಡಿಗಳನ್ನು ರಾಶಿರಾಶಿ ತೋರಿಸಿ ಕಲಿಸುವ ದಾರಿ 2019ರ ಸುಮಾರಿಗೆ ಹಿಡಿತ ಸಾಧಿಸಿತು. ಆ ವರ್ಷ ಶ್ರೋಡಿಂಗರ್ ಕಂಪನಿಯ ತಂಡವೊಂದು ನರಜಾಲದಿಂದ ಚಿತ್ರವನ್ನು ನೇರವಾಗಿ ಸ್ಮೈಲ್ಸ್ ಸಾಲಾಗಿಸುವ ಕೆಲಸ ಪ್ರಕಟಿಸಿತು. ಮರುವರ್ಷ ಜರ್ಮನಿಯ ಯೇನಾದಲ್ಲಿ ಕೊಹುಲನ್ ರಾಜನ್, ಆಖಿಮ್ ಝೀಲೆಸ್ನಿ, ಕ್ರಿಸ್ಟೋಫ್ ಸ್ಟೈನ್‌ಬೆಕ್ ‘ಡೆಸಿಮರ್’ ಯೋಜನೆ ಶುರುಮಾಡಿದರು. ಅದು ಎಲ್ಲರಿಗೂ ತೆರೆದಿದೆ. ಬೇಯರ್ ಕಂಪನಿಯಿಂದ ‘ಇಮೇಜ್‌ಟುಮಾಲ್’ 2021ರಲ್ಲಿ, ಎಂಐಟಿಯಿಂದ ‘ಮಾಲ್‌ಸ್ಕ್ರೈಬ್’ ಮತ್ತು ಐಬಿಎಂನಿಂದ ‘ಮಾಲ್‌ಗ್ರಾಫರ್’ 2023ರಲ್ಲಿ ಬಂದವು. ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕಂಪನಿ 2021ರಲ್ಲಿ ಕ್ಯಾಗಲ್ ತಾಣದಲ್ಲಿ ಸುಮಾರು 24 ಲಕ್ಷ ಚಿತ್ರಗಳನ್ನು ಕಲಿಕೆಗೆ ಕೊಟ್ಟು ಸ್ಪರ್ಧೆಯನ್ನೇ ನಡೆಸಿತು.

ಇಷ್ಟು ಜೋಡಿಗಳು ಬಂದದ್ದೆಲ್ಲಿಂದ? ಉತ್ತರ ಸರಳ, ಸ್ವಲ್ಪ ತಮಾಷೆಯದೂ ಹೌದು. ಅಣುವಿನಿಂದ ಚಿತ್ರ ಬಿಡಿಸುವ ತಂತ್ರಾಂಶಗಳು ಮೊದಲೇ ಇದ್ದವು. ಪಬ್‌ಕೆಮ್‌ನಂಥ ಕೋಶದಿಂದ ಅಣುಗಳನ್ನು ತೆಗೆದು, ಆ ತಂತ್ರಾಂಶಗಳಿಂದ ಚಿತ್ರ ಬಿಡಿಸಿ, ತಿರುಗಿಸಿ, ಮಸುಕಾಗಿಸಿ, ಕಲೆ ಹಾಕಿ, ಗೆರೆಯ ದಪ್ಪ ಹೆಚ್ಚುಕಡಿಮೆ ಮಾಡಿ, ಮತ್ತೆ ಅಣುವನ್ನು ಕಂಡುಹಿಡಿ ಎಂದು ನರಜಾಲಕ್ಕೆ ಕೊಡುವುದು. ಇಂಥ ಕೃತಕ ಚಿತ್ರಗಳು ಕೋಟಿಗಟ್ಟಲೆ ಹುಟ್ಟುತ್ತವೆ. ನಿಜವಾದ ಪುಟಗಳಿಂದ ಬಂದ ಜೋಡಿಗಳು ಕಡಿಮೆ. ಅಮೆರಿಕದ ಪೇಟೆಂಟ್ ಕಚೇರಿ 2001ರಿಂದ ಚಿತ್ರಗಳ ಜೊತೆಗೇ ಮಾಲ್ ಕಡತಗಳನ್ನೂ ಬಿಡುಗಡೆ ಮಾಡುತ್ತಿರುವುದೇ ಅವುಗಳ ದೊಡ್ಡ ಮೂಲ.

ಒಳಗಿನ ಕೆಲಸ ಎರಡು ಭಾಗದ್ದು. ಒಂದು ಜಾಲ ಚಿತ್ರವನ್ನು ನೋಡಿ ಅಂಕಿಗಳ ಸಾರವಾಗಿಸುತ್ತದೆ. ಇನ್ನೊಂದು ಆ ಸಾರವನ್ನು ನೋಡುತ್ತ ಉತ್ತರದ ಸಾಲನ್ನು ಅಕ್ಷರ ಅಕ್ಷರವಾಗಿ ಬರೆಯುತ್ತದೆ, ಪ್ರತಿ ಅಕ್ಷರಕ್ಕೂ ಚಿತ್ರದ ಯಾವ ಭಾಗಕ್ಕೆ ಗಮನ ಕೊಡಬೇಕೆಂದು ತೂಗುತ್ತ. ಚಿತ್ರಕ್ಕೆ ಶೀರ್ಷಿಕೆ ಬರೆಯುವ ಯಂತ್ರಗಳದೂ ಇದೇ ಹಾದಿ. ಮಾಲ್‌ಸ್ಕ್ರೈಬ್, ಮಾಲ್‌ಗ್ರಾಫರ್‌ಗಳು ಇದರಿಂದ ಒಂದು ಹೆಜ್ಜೆ ಸರಿದು, ಚಿತ್ರದಲ್ಲಿ ಪ್ರತಿ ಪರಮಾಣು ಎಲ್ಲಿದೆ ಎಂಬುದನ್ನೂ ಹೇಳುತ್ತವೆ. ಬಂಧಗಳನ್ನು ಆ ಸ್ಥಾನಗಳ ನಡುವೆ ಊಹಿಸುತ್ತವೆ.

ಈ ಹೆಜ್ಜೆ ಸಣ್ಣದಲ್ಲ. ನಿಯಮದ ವಾಚಕ ತಪ್ಪಿದರೆ ಬಾಯಿಬಿಟ್ಟು ತಪ್ಪುತ್ತದೆ: ಐದು ಬಂಧದ ಇಂಗಾಲ, ನಡುವೆ ಮುರಿದ ಉಂಗುರ, ಎಲ್ಲೂ ತಾಗದ ಅಕ್ಷರ. ನೋಡಿದವರಿಗೆ ಕೂಡಲೇ ಅನುಮಾನ ಬರುತ್ತದೆ. ಸಾಲು ಬರೆಯುವ ನರಜಾಲ ತಪ್ಪಿದರೆ ಅಚ್ಚುಕಟ್ಟಾಗಿ ತಪ್ಪುತ್ತದೆ. ಅದು ಕಲಿತದ್ದು ಲಕ್ಷಾಂತರ ಸರಿಯಾದ ಅಣುಗಳಿಂದ. ಆದ್ದರಿಂದ ಚಿತ್ರ ಮಸುಕಾದ ಕಡೆ ತನಗೆ ರೂಢಿಯಾದ ತುಂಡನ್ನು ತುಂಬಿ, ಎಲ್ಲ ಲೆಕ್ಕವೂ ಸರಿಬರುವ, ಆದರೆ ಪುಟದಲ್ಲಿಲ್ಲದ ಅಣುವನ್ನು ಕೈಗಿಡುತ್ತದೆ. ಆರ್ಥೋ ಸ್ಥಾನದ ಮೀಥೈಲ್ ಪ್ಯಾರಾಕ್ಕೆ ಸರಿದರೂ ಅಣು ಅಣುವೇ; ಯಾವ ಪರೀಕ್ಷೆಯೂ ಅದನ್ನು ಹಿಡಿಯದು. ನಿಷಿದ್ಧ ಅಮೈನ್‌ಗಳ ವಿಷಯದಲ್ಲಿ ಇದೇ ಅತಿ ಅಪಾಯದ ತಪ್ಪು. ಅಂಕದಲ್ಲಿ ಮುಂದಿರುವ ವಾಚಕಕ್ಕಿಂತ, ಪರಮಾಣುವಿನ ಜಾಗ ತೋರಿಸಿ, ಇಲ್ಲಿ ನನಗೆ ಖಾತ್ರಿಯಿಲ್ಲ ಎಂದು ಗುರುತು ಹಾಕುವ ವಾಚಕವನ್ನೇ ಇಂಥ ಕೆಲಸಕ್ಕೆ ಆರಿಸಿಕೊಳ್ಳಬೇಕು.

ಅಂಕ ಕೊಡುವ ಬಗೆಯಲ್ಲೂ ಇದೇ ಮಾತು ಏಳುತ್ತದೆ. ಯಂತ್ರ ಕೊಟ್ಟ ಇಂಚಿ ಸಾಲು ಸರಿಯುತ್ತರದ ಸಾಲಿಗೆ ಅಕ್ಷರಶಃ ಹೊಂದಿದರೆ ಮಾತ್ರ ಸರಿ ಎನ್ನುವುದು ಕಟ್ಟುನಿಟ್ಟಿನ ದಾರಿ. ಎರಡು ಅಣುಗಳ ತುಂಡುಗಳಲ್ಲಿ ಎಷ್ಟು ಪಾಲು ಸಮಾನ ಎಂದು ಅಳೆಯುವ ಟ್ಯಾನಿಮೋಟೊ ಅಂಕ ಸಡಿಲದ್ದು. ಕ್ಯಾಗಲ್ ಸ್ಪರ್ಧೆ ಇವೆರಡನ್ನೂ ಬಿಟ್ಟು, ಒಂದು ಸಾಲನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ತಿದ್ದಬೇಕು ಎಂದು ಎಣಿಸಿತು. ಬಣ್ಣದ ಪರೀಕ್ಷಕನಿಗೆ ಸಡಿಲ ಅಂಕಗಳಿಂದ ಏನೂ ಉಪಯೋಗವಿಲ್ಲ. ಟಾಲ್ಯುಡೀನ್‌ನ ಎರಡು ರೂಪಗಳ ನಡುವೆ ಹೋಲಿಕೆ ಧಾರಾಳ. ಕಾನೂನಿಗೆ ಅವು ಬೇರೆ ಬೇರೆ.

ಕೈಬರಹದ ಅಣುಗಳೂ ಈಗ ಈ ಕ್ಷೇತ್ರಕ್ಕೆ ಸೇರಿವೆ. ಡೆಸಿಮರ್ ತಂಡ 5,088 ಕೈಚಿತ್ರಗಳ ಸಂಗ್ರಹವೊಂದನ್ನು 2022ರಲ್ಲಿ ಹೊರತಂದಿತು. ಕಾಲೇಜಿನ ಪ್ರಯೋಗದ ನೋಟುಪುಸ್ತಕ ನೋಡಿದವರಿಗೆ ಅದರ ಕಷ್ಟವನ್ನು ವಿವರಿಸಬೇಕಿಲ್ಲ.

ಮಾರ್ಕುಷ್ ಎಂಬ ಗಂಟು

ಪೇಟೆಂಟ್ ಬರೆಯುವವರು ಒಂದು ಅಣುವನ್ನು ಕೇಳುವುದಿಲ್ಲ. ಒಂದು ಬಳಗವನ್ನು ಕೇಳುತ್ತಾರೆ. ಚಿತ್ರದಲ್ಲಿ ಒಂದು ಬೆನ್ನೆಲುಬು, ಅದರ ಮೂಲೆಗಳಲ್ಲಿ ಆರ್1, ಆರ್2 ಎಂಬ ಖಾಲಿ ಜಾಗಗಳು. ಕೆಳಗಿನ ಬರಹದಲ್ಲಿ ಆರ್1 ಎಂದರೆ ಮೀಥೈಲ್, ಈಥೈಲ್ ಅಥವಾ ಕ್ಲೋರೀನ್ ಎಂಬ ಪಟ್ಟಿ. ಈ ಬಗೆಗೆ ಹೆಸರು ಕೊಟ್ಟ ಯೂಜೀನ್ ಮಾರ್ಕುಷ್ ಬಣ್ಣದ ವ್ಯಾಪಾರದವರೇ. 1924ರಲ್ಲಿ ಅವರಿಗೆ ಸಿಕ್ಕ ಅಮೆರಿಕದ ಪೇಟೆಂಟ್ ಪೈರಜೋಲೋನ್ ಬಣ್ಣಗಳಿಗೆ ಸಂಬಂಧಿಸಿದ್ದು. ಅನಿಲೀನ್, ಅದರ ಸೋದರ ಅಣುಗಳು, ಅದರ ಹ್ಯಾಲೋಜನ್ ರೂಪಗಳು, ಇವುಗಳಲ್ಲಿ ಯಾವುದನ್ನಾದರೂ ಬಳಸಬಹುದು ಎಂಬ ಧಾಟಿಯಲ್ಲಿ ಅದರ ಹಕ್ಕುಸಾಲು ಇತ್ತು. ಔಷಧ ಜಗತ್ತಿನ ವಕೀಲರೆಲ್ಲ ಇಂದು ಅವರ ಹೆಸರು ಹೇಳುತ್ತಾರೆ. ಅದು ಬಣ್ಣದಂಗಡಿಯಿಂದ ಬಂದ ಹೆಸರೆಂಬುದು ಮರೆತೇಹೋಗಿದೆ.

ಯಂತ್ರಕ್ಕೆ ಇದು ಇಮ್ಮಡಿ ಕೆಲಸ. ಚಿತ್ರದಿಂದ ಬೆನ್ನೆಲುಬನ್ನೂ, ಬರಹದಿಂದ ಪಟ್ಟಿಯನ್ನೂ ಓದಿ ಎರಡನ್ನೂ ಹೊಲಿಯಬೇಕು. ಗುಂಪಿನ ಗೆರೆ ಉಂಗುರದ ಯಾವ ಮೂಲೆಗೂ ತಾಗದೆ ನಡುವಿಗೆ ಚುಚ್ಚಿಕೊಂಡಿದ್ದರೆ, ಎಲ್ಲಿ ಬೇಕಾದರೂ ಇರಬಹುದು ಎಂದರ್ಥ. ಸಾಮಾನ್ಯ ಅಣುಗಳಲ್ಲಿ ಕಲಿತ ವಾಚಕ ಅದನ್ನು ಹತ್ತಿರದ ಮೂಲೆಗೆ ಎಳೆದುಬಿಡುತ್ತದೆ. ಸ್ಮೈಲ್ಸ್, ಇಂಚಿಗಳಲ್ಲಿ ಇಂಥ ಬಳಗವನ್ನು ಸರಿಯಾಗಿ ಬರೆಯಲು ಜಾಗವೂ ಇಲ್ಲ. ಯುರೋಪಿನ ಸಾರ್ವಜನಿಕ ಪೇಟೆಂಟ್ ರಸಾಯನ ಕೋಶವಾದ ‘ಶ್ಯೂರ್‌ಕೆಂಬಲ್’ ಹೆಸರುಗಳಿಂದಲೂ, ಕ್ಲೈಡ್ ಮೂಲಕ ಚಿತ್ರಗಳಿಂದಲೂ ಅಣುಗಳನ್ನು ತಾನೇ ಹೆಕ್ಕುತ್ತದೆ. ಅದು ಹೆಕ್ಕುವುದು ಬಿಡಿ ಅಣುಗಳನ್ನು, ಬಳಗಗಳನ್ನಲ್ಲ.

ಚಿತ್ರಕ್ಕೆ ಹೊರಗಿನದು

ಎಷ್ಟೇ ಚೆನ್ನಾಗಿ ಓದಿದರೂ ಯಂತ್ರ ಪುಟದಲ್ಲಿರುವುದನ್ನಷ್ಟೇ ಓದಬಲ್ಲದು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಂಥ ಕಡೆ ಕೀಟಶಾಸ್ತ್ರ ಓದುವವರಿಗೆ ಬೇವಿನ ಅಜಾಡಿರಾಕ್ಟಿನ್ ಪರಿಚಿತ. 35 ಇಂಗಾಲ, 44 ಜಲಜನಕ, 16 ಆಮ್ಲಜನಕಗಳ ಈ ಅಣುವಿನಲ್ಲಿ 16 ಕೇಂದ್ರಗಳು ಎಡಗೈ ಬಲಗೈಗಳಂತೆ ದಿಕ್ಕು ಉಳ್ಳವು. ಚಿತ್ರದ ತುಂಬ ಬೆಣೆಗಳು, ಅಡ್ಡಗೀಟುಗಳು, ಒಂದರ ಮೇಲೊಂದು ಹಾಯುವ ಗೆರೆಗಳು. ವಾಚಕಗಳಿಗೆ ಇದು ಅಗ್ನಿಪರೀಕ್ಷೆ. ಆದರೆ ಇನ್ನೊಂದು ತೊಡಕು ಯಂತ್ರದ ಕೈಮೀರಿದ್ದು. 1968ರಲ್ಲಿ ಬೇರ್ಪಡಿಸಿದ ಈ ವಸ್ತುವಿಗೆ 1975ರಲ್ಲಿ ಪ್ರಕಟವಾದ ರಚನೆಯಲ್ಲಿ ತಪ್ಪಿತ್ತು. ಸರಿಯಾದ ರಚನೆ ಖಚಿತವಾದದ್ದು 1985ರ ಸುಮಾರಿಗೆ. ಕೇಂಬ್ರಿಜ್‌ನ ಸ್ಟೀವನ್ ಲೇ ತಂಡ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿ ಮುಗಿಸಿದ್ದು 2007ರಲ್ಲಿ. 1975ರಿಂದ 1985ರ ನಡುವಿನ ಹತ್ತು ವರ್ಷದ ಪತ್ರಿಕೆಗಳನ್ನು ಒಂದಿನಿತೂ ತಪ್ಪದೆ ಓದಿದ ಯಂತ್ರ, ಬೇವಿನಲ್ಲಿಲ್ಲದ ಅಣುವೊಂದನ್ನು ಬೇವಿನ ಹೆಸರಿಗೆ ಬರೆದಿಡುತ್ತದೆ.

ಕಾಸರಗೋಡಿನ ಗೇರುತೋಟಗಳಿಂದ ಕನ್ನಡಿಗರಿಗೆ ಹೆಸರು ಪರಿಚಿತವಾದ ಎಂಡೋಸಲ್ಫಾನ್ ಕೀಟನಾಶಕದ್ದು ಬೇರೊಂದು ತೊಂದರೆ, ಚಿತ್ರದೊಳಗಿನದೇ. ಅದರ ಉಂಗುರದ ಮೇಲೆ ಎರಡು ಕ್ಲೋರಿನ್ ಹೊತ್ತ ಇಂಗಾಲವೊಂದು ಸೇತುವೆಯಾಗಿ ನಿಂತಿದೆ. ಸಮತಟ್ಟಾದ ಕಾಗದದಲ್ಲಿ ಆ ಸೇತುವೆಯ ಗೆರೆ ಉಂಗುರದ ಗೆರೆಯನ್ನು ದಾಟಿ ಹೋಗುತ್ತದೆ. ದಾಟಿದ ಜಾಗದಲ್ಲಿ ಪರಮಾಣು ಇಲ್ಲ ಎಂದು ಯಂತ್ರಕ್ಕೆ ತಿಳಿಯಬೇಕು.

ತಿರುಪ್ಪೂರಿಗೆ ಮರಳಿದರೆ, ಎಲ್ಲಕ್ಕಿಂತ ದೊಡ್ಡ ಮಿತಿ ಚಿತ್ರವೇ ಇಲ್ಲದಿರುವುದು. ಬಣ್ಣದ ಘಟಕಕ್ಕೆ ಬರುವ ಡಬ್ಬದ ಮೇಲೆ ವ್ಯಾಪಾರದ ಹೆಸರಿರುತ್ತದೆ. ಜೊತೆಗಿನ ಸುರಕ್ಷಾ ಪತ್ರದಲ್ಲಿ ಅಣುರಚನೆ ಇರುವುದು ಅಪರೂಪ. ಬಣ್ಣಗಳ ಅಂತರರಾಷ್ಟ್ರೀಯ ಸೂಚಿಯಾದ ‘ಕಲರ್ ಇಂಡೆಕ್ಸ್’ನಲ್ಲೂ ಎಷ್ಟೋ ಹೊಸ ಬಣ್ಣಗಳಿಗೆ ಹೆಸರುಂಟು, ರಚನೆಯ ಸಂಖ್ಯೆ ಇಲ್ಲ, ತಯಾರಕರು ಅದನ್ನು ಹೊರಗೆ ಹೇಳಿಲ್ಲ. ಒಂದೇ ಕಪ್ಪು ಎಂದು ಮಾರಾಟವಾಗುವ ಪುಡಿ ಹಲವು ಬಣ್ಣಗಳ ಮಿಶ್ರಣವೂ ಆಗಿರಬಹುದು. ಅದಕ್ಕೇ ಅಂತಿಮ ತೀರ್ಪು ಬಟ್ಟೆಯ ಮೇಲೆಯೇ ಆಗುತ್ತದೆ: ಕೊಯಮತ್ತೂರಿನಲ್ಲಿ 1956ರಲ್ಲಿ ಆರಂಭವಾದ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘ, ಟೆಕ್ಸ್‌ಟೈಲ್ಸ್ ಕಮಿಟಿಯಂಥವರ ಪ್ರಯೋಗಾಲಯಗಳಲ್ಲಿ ಬಟ್ಟೆಯ ತುಂಡನ್ನು ಸೋಡಿಯಂ ಡೈಥಿಯೊನೈಟ್ ದ್ರಾವಣದಲ್ಲಿ ಬಿಸಿಮಾಡಿ, ಅಝೋ ಜೋಡಿಯನ್ನು ಬೇಕೆಂದೇ ಮುರಿದು, ಹೊರಬಂದ ಅಮೈನ್‌ಗಳನ್ನು ಕ್ರೊಮ್ಯಾಟೋಗ್ರಫಿಯಲ್ಲಿ ಅಳೆಯುತ್ತಾರೆ.

ಹಾಗಾದರೆ ಚಿತ್ರ ಓದುವ ಯಂತ್ರದಿಂದ ಲಾಭವೇನು? ಪರೀಕ್ಷೆಯ ಮುಂಚಿನ ಹಂತದಲ್ಲಿ ಲಾಭವಿದೆ. ಪ್ರಕಟವಾದ ಬಣ್ಣಗಳ ರಚನೆಗಳು ಕೋಶಕ್ಕೆ ಬಂದರೆ, ಪ್ರತಿಯೊಂದರ ಅಝೋ ಜೋಡಿಯನ್ನು ಕಂಪ್ಯೂಟರ್‌ನಲ್ಲೇ ಮುರಿದು, ಹುಟ್ಟುವ ಅಮೈನ್ 22ರಲ್ಲಿ ಒಂದೇ ಎಂದು ಕ್ಷಣದಲ್ಲಿ ನೋಡಬಹುದು. ರಿಯಾಕ್ಟಿವ್ ಬ್ಲ್ಯಾಕ್ 5ರ ತೋಳುಗಳಿಂದ ಬರುವ ಅಮೈನ್ ಆ ಪಟ್ಟಿಯಲ್ಲಿಲ್ಲ. ಕಾಂಗೋ ರೆಡ್‌ನ ನಡುಭಾಗದಿಂದ ಬರುವುದು ಇದೆ. ಪಟ್ಟಿಗೆ ನಾಳೆ ಹೊಸ ಅಮೈನ್ ಸೇರಿದರೂ ಕೋಶವನ್ನು ಮತ್ತೊಮ್ಮೆ ಜರಡಿ ಹಿಡಿದರೆ ಸಾಕು. ಶುದ್ಧೀಕರಣ ಸ್ಥಾವರದಲ್ಲಿ ಯಾವ ಬಣ್ಣ ಹೇಗೆ ಒಡೆಯುತ್ತದೆ ಎಂದು ಅಧ್ಯಯನ ಮಾಡುವವರಿಗೂ ಇದೇ ಕೋಶ ಬೇಕು.

ಬಣ್ಣದ ಪೇಟೆಂಟ್‌ಗಳಲ್ಲಿ ಈ ಕೋಶಕ್ಕೆ ಬೇಕಾದ ಮಾಹಿತಿ ಬಹುಪಾಲು ಕೋಷ್ಟಕಗಳಲ್ಲಿದೆ. ಮೊದಲ ಕಂಬದಲ್ಲಿ ಡಯಜೋ ಮಾಡುವ ಅಮೈನ್, ಎರಡನೆಯದರಲ್ಲಿ ಅದನ್ನು ಕೂಡಿಸುವ ಅಣು, ಕೊನೆಯದರಲ್ಲಿ ಹತ್ತಿಯ ಮೇಲೆ ಬರುವ ಬಣ್ಣ: ಕಿತ್ತಳೆ, ಕಡುಗೆಂಪು, ನೀಲಿ. ಕೆಲವು ಮನೆಗಳಲ್ಲಿ ಚಿತ್ರ, ಕೆಲವುಗಳಲ್ಲಿ ಹೆಸರು, ಕೆಲವುಗಳಲ್ಲಿ ಮೇಲಿನಂತೆಯೇ ಎಂಬ ಗುರುತು ಮಾತ್ರ. ಬಿಡಿ ಚಿತ್ರಗಳನ್ನು ಓದುವ ಕೆಲಸ ಬಹುಮಟ್ಟಿಗೆ ಹಿಡಿತಕ್ಕೆ ಬಂದಿರುವಾಗ, ಕ್ರಿಯೆಯ ಬಾಣಗಳನ್ನೂ ಇಂಥ ಕೋಷ್ಟಕಗಳನ್ನೂ ಚಿತ್ರದೊಡನೆ ಕೂಡಿಸಿ ಓದುವ ವ್ಯವಸ್ಥೆಗಳ ಮೇಲೆ ಈಗ ಹೆಚ್ಚಿನ ದುಡಿಮೆ ನಡೆದಿದೆ.